ಮೇಷ್ಟ್ರು ಮನೆಬಾಗಿಲಿಗೆ ಬಂದಾಗ

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1930ರ ದಶಕದಲ್ಲಿ ಹೈಸ್ಕೂಲು ಇರಲಿಲ್ಲ. ಊರಿನ ಶಾಲೆಯ ಓದು ಮುಗಿಸಿದ ಬಡವರ ಮನೆ ಹುಡುಗ ಪುಸ್ತಕ ಕಟ್ಟಿಟ್ಟು ಮನೆಯಲ್ಲೇ ಉಳಿಯಬೇಕಿತ್ತು. ನರಸಿಂಹಯ್ಯ ಎಂಬ ಹುಡುಗನ ಪಾಡೂ ಅದೇ ಆಯಿತು. ಅವನಿಗೆ ಕಲಿಸಿದ್ದ ಮುಖ್ಯೋಪಾಧ್ಯಾಯರು ಎಂ.ಎಸ್. ನಾರಾಯಣರಾವ್. ಅಷ್ಟು ಹೊತ್ತಿಗೆ ಅವರಿಗೆ ಬೆಂಗಳೂರಿಗೆ ವರ್ಗವಾಗಿತ್ತು. ವರ್ಗವಾಗಿ ಹೋದ ಮೇಷ್ಟ್ರಿಗೂ ಹಿಂದೆ ಉಳಿದ ಊರಿನ ಹುಡುಗನಿಗೂ ಇಲಾಖೆಯ ಲೆಕ್ಕದಲ್ಲಿ ಯಾವ ಸಂಬಂಧವೂ ಇಲ್ಲ. ಹೊಸ ಊರು, ಹೊಸ ಶಾಲೆ, ಕಣ್ಣೆದುರಿಗೆ ಬೇರೆ ಮಕ್ಕಳು. ಆದರೂ ನಾರಾಯಣರಾಯರು ಹೊಸೂರಿನ ಹುಡುಗನನ್ನು ಮರೆಯಲಿಲ್ಲ. ಬೆಂಗಳೂರಿಗೆ ಬಂದರೆ ಓದಿಗೆ ಸಹಾಯ ಮಾಡುವುದಾಗಿ ತಿಳಿಸಿದರು. ರೈಲು ಚಾರ್ಜಿಗೆ ಕಾಸಿರಲಿಲ್ಲ. ಹುಡುಗ 1935ರಲ್ಲಿ ಎರಡು ದಿನ ನಡೆದು, ಎಂಬತ್ತು ಕಿಲೋಮೀಟರಿಗೂ ಮಿಕ್ಕ ದಾರಿ ಸವೆಸಿ ಬೆಂಗಳೂರು ಮುಟ್ಟಿದ. ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಸೇರಿದ.

ಆ ಹುಡುಗನೇ ಮುಂದೆ ನಾಡೆಲ್ಲ ಎಚ್ಚೆನ್ ಎಂದು ಕರೆದ ಡಾ. ಎಚ್. ನರಸಿಂಹಯ್ಯ. 1936ರಲ್ಲಿ ಗಾಂಧೀಜಿ ಅದೇ ಹೈಸ್ಕೂಲಿಗೆ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಹೇಳಿದ್ದು ಈ ವಿದ್ಯಾರ್ಥಿ. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಿದ್ದಾಗ ಕ್ವಿಟ್ ಇಂಡಿಯಾ ಚಳವಳಿಗೆ ಧುಮುಕಿ ಜೈಲು ಕಂಡರು. 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಅಧ್ಯಾಪಕರಾದರು, ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಗಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಮರಳಿದರು, ಪ್ರಾಂಶುಪಾಲರಾದರು, 1970ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಈ ವಿವರಗಳನ್ನು ಯಾರು ಬೇಕಾದರೂ ಹೇಳುತ್ತಾರೆ. ನನ್ನ ಮನಸ್ಸು ನಿಲ್ಲುವುದು ಬೇರೆ ಕಡೆ. ಕುಲಪತಿಯಾಗಿದ್ದಾಗಲೂ ಅವರು ಇದ್ದದ್ದು ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲಿ. ಮದುವೆಯಾಗಲಿಲ್ಲ, ಮನೆ ಮಾಡಲಿಲ್ಲ. ಹಳ್ಳಿಗಳಿಂದ ಓದಲು ಬಂದ ಹುಡುಗರ ನಡುವೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬದುಕಿ, 2005ರ ಜನವರಿ 31ರಂದು ತೀರಿಕೊಂಡರು.

ಅಧ್ಯಕ್ಷರಾಗಿ ತಾವು ನಡೆಸಿದ ನ್ಯಾಷನಲ್ ಎಜುಕೇಷನ್ ಸೊಸೈಟಿಯನ್ನು ಎಚ್ಚೆನ್ ಎತ್ತ ಒಯ್ದರು ಎಂಬುದನ್ನೂ ನೋಡಬೇಕು. ಬೆಂಗಳೂರಿನ ಕಾಲೇಜಿಗೆ ಹೆಸರು ಬಂದ ಮೇಲೆ ನಗರದಲ್ಲೇ ಇನ್ನಷ್ಟು ಕಟ್ಟಡ ಎಬ್ಬಿಸಿ ದೊಡ್ಡ ಸಂಸ್ಥೆ ಮಾಡುವುದು ಸುಲಭವಿತ್ತು. ಅವರು ಗೌರಿಬಿದನೂರಿಗೆ ಕಾಲೇಜು ಒಯ್ದರು, ಆಂಧ್ರದ ಗಡಿಗೆ ಅಂಟಿಕೊಂಡ ಬಾಗೇಪಲ್ಲಿಗೆ ಒಯ್ದರು, ತಮಗೆ ಹೈಸ್ಕೂಲು ಸಿಗದಿದ್ದ ಹೊಸೂರಿಗೇ ಹೈಸ್ಕೂಲು ಒಯ್ದರು. ಮಳೆ ಕೈಕೊಡುವ, ಕೊಳವೆಬಾವಿ ಬತ್ತುವ ಆ ಸೀಮೆಯ ಮಕ್ಕಳು ಎರಡು ದಿನ ನಡೆಯದೆಯೇ ಓದಬಹುದಾಯಿತು. ಒಬ್ಬ ಮೇಷ್ಟ್ರು ಒಬ್ಬ ಹುಡುಗನಿಗೆ ಮಾಡಿದ್ದನ್ನು ಆ ಹುಡುಗ ಬೆಳೆದು ಒಂದು ಸೀಮೆಗೇ ಮಾಡಿದ.

ಮಕ್ಕಳ ಮೇಲೆ ಪ್ರೀತಿಯಿಟ್ಟ ಶಿಕ್ಷಕರ ಪ್ರಭಾವದ ಬಗ್ಗೆ ಮಾತು ಬಂದಾಗಲೆಲ್ಲ ನಾವು ಅವರ ಪಾಠವನ್ನು ನೆನೆಯುತ್ತೇವೆ. ಎಷ್ಟು ಚೆನ್ನಾಗಿ ವ್ಯಾಕರಣ ಹೇಳಿದರು, ಗಣಿತದ ಭಯ ಹೇಗೆ ಬಿಡಿಸಿದರು ಎಂದು. ಅದೆಲ್ಲ ನಿಜ. ಆದರೆ ನಡತೆಯಲ್ಲಿ ಉಳಿಯುವುದು ಪಾಠಕ್ಕಿಂತ ಹೆಚ್ಚಾಗಿ, ಆ ಶಿಕ್ಷಕರು ಯಾರೂ ಹೇಳದೆ, ಸಂಬಳಕ್ಕೆ ಸೇರದೆ ಮಾಡಿದ ಒಂದು ಕೆಲಸ. ಅದು ಮಗುವಿನ ಮನಸ್ಸಿನಲ್ಲಿ ಕೃತಜ್ಞತೆಯಾಗಿ ಮಾತ್ರ ನಿಲ್ಲುವುದಿಲ್ಲ. ಮುಂದೆ ತನ್ನ ಎದುರಿಗೆ ತನಗಿಂತ ಅಸಹಾಯಕರು ನಿಂತಾಗ ಹೇಗೆ ನಡೆದುಕೊಳ್ಳಬೇಕು ಎಂಬ ರೂಢಿಯಾಗಿ ಕೂರುತ್ತದೆ. ಎಷ್ಟೋ ಸಲ ಆ ಮನುಷ್ಯನಿಗೇ ತಾನು ಯಾರಿಂದ ಅದನ್ನು ಕಲಿತೆ ಎಂದು ಹೊಳೆಯುವುದಿಲ್ಲ.

ಹೊಳೆದವರಲ್ಲಿ ಒಬ್ಬರು ಫ್ರೆಂಚ್ ಲೇಖಕ ಆಲ್ಬರ್ಟ್ ಕಮೂ. ಫ್ರೆಂಚರ ಆಳ್ವಿಕೆಯಲ್ಲಿದ್ದ ಅಲ್ಜೀರಿಯಾದ ಅಲ್ಜಿಯರ್ಸ್ ನಗರದಲ್ಲಿ, ಬೆಲ್ಕೂರ್ ಎಂಬ ಬಡವರ ಬಡಾವಣೆಯಲ್ಲಿ ಬೆಳೆದವರು. ಅವರು ಕೂಸಾಗಿದ್ದಾಗಲೇ ತಂದೆ ಮೊದಲ ಮಹಾಯುದ್ಧದಲ್ಲಿ ಸತ್ತರು. ತಾಯಿಗೆ ಕಿವಿ ಸರಿಯಾಗಿ ಕೇಳದು, ಅಕ್ಷರ ಬಾರದು. ಮನೆಗೆಲಸ ಮಾಡಿ ದುಡಿಯುತ್ತಿದ್ದಳು. ಮನೆಯ ಯಜಮಾನಿಕೆ ಅಜ್ಜಿಯದು. ಪ್ರಾಥಮಿಕ ಶಾಲೆ ಮುಗಿಯುತ್ತಲೇ ಮೊಮ್ಮಗ ದುಡಿಮೆಗೆ ಹತ್ತಬೇಕು ಎಂಬುದು ಅವಳ ತೀರ್ಮಾನ. ಅದರಲ್ಲಿ ಕ್ರೌರ್ಯವೇನಿಲ್ಲ, ಹಸಿವಿನ ಲೆಕ್ಕ ಅಷ್ಟೆ. ಆಗ ಅವನ ಶಿಕ್ಷಕ ಲೂಯಿ ಜೆರ್ಮೇನ್ ಮನೆಗೇ ಬಂದು ಅಜ್ಜಿಯ ಜೊತೆ ಕೂತು ಮಾತಾಡಿದರು. ವಿದ್ಯಾರ್ಥಿವೇತನ ಸಿಗುತ್ತದೆ, ಪರೀಕ್ಷೆಗೆ ನಾನೇ ತಯಾರು ಮಾಡುತ್ತೇನೆ ಎಂದು ಒಪ್ಪಿಸಿದರು. ಶಾಲೆ ಬಿಟ್ಟ ಮೇಲೆ ಕೆಲವು ಹುಡುಗರನ್ನು ಕೂರಿಸಿಕೊಂಡು ಬಿಡಿಗಾಸು ತೆಗೆದುಕೊಳ್ಳದೆ ಪಾಠ ಹೇಳಿದರು. 1924ರಲ್ಲಿ ಹುಡುಗ ಆ ಪರೀಕ್ಷೆ ಗೆದ್ದ.

1957ರಲ್ಲಿ ಕಮೂಗೆ ನೊಬೆಲ್ ಬಹುಮಾನ ಬಂತು. ಸುದ್ದಿಯ ಗದ್ದಲ ಸ್ವಲ್ಪ ತಗ್ಗಿದ ಮೇಲೆ, ನವೆಂಬರ್ 19ರಂದು ಅವರು ಜೆರ್ಮೇನ್ ಅವರಿಗೆ ಒಂದು ಚಿಕ್ಕ ಕಾಗದ ಬರೆದರು. ಸುದ್ದಿ ಕೇಳಿದಾಗ ಮೊದಲು ತಾಯಿ ನೆನಪಾದಳು, ಆಮೇಲೆ ನೀವು ಎಂಬುದು ಅದರ ತಿರುಳು. ನೊಬೆಲ್ ಸಂದರ್ಭದ ಭಾಷಣಗಳನ್ನು ಅಚ್ಚು ಹಾಕಿಸಿದಾಗ ಆ ಪುಸ್ತಕವನ್ನು ಅರ್ಪಿಸಿದ್ದೂ ಈ ಪ್ರಾಥಮಿಕ ಶಾಲೆಯ ಶಿಕ್ಷಕರಿಗೇ. 1960ರ ಜನವರಿಯಲ್ಲಿ ಕಾರು ಅಪಘಾತದಲ್ಲಿ ಕಮೂ ಸತ್ತಾಗ ಅವರ ಬಳಿ ಅರ್ಧ ಬರೆದ ಕಾದಂಬರಿಯ ಹಸ್ತಪ್ರತಿಯಿತ್ತು. 1994ರಲ್ಲಿ ಬೆಳಕಿಗೆ ಬಂದ ಆ ಕಾದಂಬರಿಯಲ್ಲಿ ಜೆರ್ಮೇನರನ್ನು ಹೋಲುವ ಶಿಕ್ಷಕರಿದ್ದಾರೆ. ಅವರು ತರಗತಿಗೆ ಯುದ್ಧದ ಕಾದಂಬರಿಯೊಂದನ್ನು ಓದಿ ಹೇಳುತ್ತಾರೆ. ಕೊನೆಯ ಪುಟ ಮುಗಿದಾಗ, ಯುದ್ಧದಲ್ಲಿ ತಂದೆಯನ್ನು ಕಳೆದುಕೊಂಡ ಹುಡುಗ ಮುಂದಿನ ಬೆಂಚಿನಲ್ಲಿ ಬಿಕ್ಕಿ ಬಿಕ್ಕಿ ಅಳುತ್ತಾನೆ. ಎಷ್ಟೋ ವರ್ಷದ ಮೇಲೆ ಅವನು ನೋಡಲು ಬಂದಾಗ ಮುದುಕರಾದ ಶಿಕ್ಷಕರು ಅದೇ ಪುಸ್ತಕವನ್ನು ಅವನ ಕೈಗಿಡುತ್ತಾರೆ. ಆ ಮಗು ಅತ್ತದ್ದನ್ನು ಅವರು ಅಷ್ಟು ವರ್ಷ ನೆನಪಿಟ್ಟುಕೊಂಡಿದ್ದರು. ನಾನು ಓದಿದ ಕಾದಂಬರಿಗಳಲ್ಲಿ ಮಗುವಿನ ಮೇಲೆ ಶಿಕ್ಷಕರೊಬ್ಬರ ಗಮನ ಎಂದರೆ ಏನೆಂದು ಇಷ್ಟು ನಿಚ್ಚಳವಾಗಿ ತೋರಿಸಿದ ಪುಟ ಇನ್ನೊಂದಿಲ್ಲ.

ಮನೆಬಾಗಿಲಿಗೆ ಬಂದ ಅಂಥ ಮೇಷ್ಟ್ರನ್ನು ನಾನೂ ಕಂಡಿದ್ದೇನೆ. ನಮ್ಮೂರಲ್ಲಿ ರಾಗಿ ಒಕ್ಕಣೆ ಶುರುವಾದರೆ ಶಾಲೆಯ ಅರ್ಧ ಬೆಂಚು ಖಾಲಿಯಾಗುತ್ತಿತ್ತು. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಹುಡುಗ ಒಂದು ವಾರ ಬರಲಿಲ್ಲ. ಮೇಷ್ಟ್ರು ಸಂಜೆ ಸೈಕಲ್ ಹತ್ತಿ ಅವರ ಕಣಕ್ಕೇ ಬಂದರು. ರೋಣಗಲ್ಲು ಎಳೆಯುವ ಎತ್ತುಗಳ ಹಿಂದೆ ಹುಡುಗ ಸುತ್ತುತ್ತಿದ್ದ. ಮೇಷ್ಟ್ರನ್ನು ಕಂಡು ಅವನ ಮುಖ ಇಳಿದುಹೋಯಿತು, ಬೈಸಿಕೊಳ್ಳುವುದು ಖಂಡಿತ ಎಂದು. ಅವರು ಬೈಯಲಿಲ್ಲ. ರಾಗಿ ಚೀಲದ ಮೇಲೆ ಕೂತರು, ಕೊಟ್ಟ ಮಜ್ಜಿಗೆ ಕುಡಿದರು.

“ಈ ಸಲ ಹೆಂಗಾಯ್ತು ಗೌಡ್ರೇ?”

“ಪರವಾಗಿಲ್ಲ ಮೇಷ್ಟ್ರೇ, ಕೊನೇ ಮಳೆ ಕೈಹಿಡೀತು.”

ಮಳೆ, ಹುಲ್ಲು, ಎತ್ತಿನ ಕಾಲಿನ ಗಾಯ, ಎಲ್ಲ ಮಾತಾಯಿತು. ಏಳುವಾಗ ಹೇಳಿದರು, “ಹುಡುಗನ್ನ ಬೆಳಗ್ಗೆ ಹೊತ್ತು ಕಳಿಸಿ ಸಾಕು. ಮಧ್ಯಾಹ್ನದ ಮೇಲೆ ನಾನೇ ಕಣಕ್ಕೆ ಬಿಟ್ಟುಕೊಡ್ತೀನಿ. ಲೆಕ್ಕದಲ್ಲಿ ಚುರುಕಿದಾನೆ.”

“ಓದಿ ಏನಾಗ್ಬೇಕು ಬಿಡಿ ಮೇಷ್ಟ್ರೇ ಇವ್ನು.”

“ಏನಾದ್ರೂ ಆಗ್ಲಿ ಗೌಡ್ರೇ. ಏನಾದ್ರೂ ಲೆಕ್ಕ ಬರೋನು ಆಗ್ಲಿ.”

ಆ ಹುಡುಗ ದೊಡ್ಡ ಹುದ್ದೆಗೇನೂ ಏರಲಿಲ್ಲ. ಎಸ್ಸೆಸ್ಸೆಲ್ಸಿ ಕಟ್ಟಿ ಕಟ್ಟಿ ಪಾಸಾದ, ಲೈನ್‌ಮನ್ ಆದ. ಕರೆಂಟ್ ಬಿಲ್ ಬಾಕಿ ಉಳಿದ ಮನೆಗಳ ಫ್ಯೂಸ್ ಕೀಳುವುದು ಅವನ ಕೆಲಸದಲ್ಲಿ ಒಂದು. ಒಮ್ಮೆ ಅವನ ಜೊತೆ ಹೋಗಿದ್ದೆ. ಒಂಟಿ ಮುದುಕಿಯ ಮನೆ. ಕಂಬದ ಹತ್ತಿರ ಹೋಗುವ ಮೊದಲು ಜಗಲಿಯ ಮೇಲೆ ಕೂತ, ನೀರು ಕೇಳಿ ಕುಡಿದ, ಹಸು ಕರು ಹಾಕಿತೇ ಎಂದು ವಿಚಾರಿಸಿದ. ಆಮೇಲೆ, “ಎಷ್ಟು ದಿನದಲ್ಲಿ ಹೊಂದಿಸ್ತೀಯವ್ವಾ?” ಎಂದ. ಮುದುಕಿ ಸಂತೆ ದಿನದ ಹೆಸರು ಹೇಳಿದಳು. ಬಾಕಿಯ ಪಟ್ಟಿಯಲ್ಲಿ ಅದನ್ನು ಗುರುತು ಹಾಕಿಕೊಂಡು ಎದ್ದ. ಮೇಲಿನವರಿಗೆ ಉತ್ತರ ಹೇಳುವುದು ಅವನ ಪಾಲಿನ ಕಷ್ಟ. ಬೈಯುವ ಅಧಿಕಾರ ಕೈಯಲ್ಲಿದ್ದಾಗ ಮೊದಲು ಕೂತು ಕೇಳುವ ಆ ರೀತಿ ಕಣದಲ್ಲಿ ರಾಗಿ ಚೀಲದ ಮೇಲೆ ಕೂತವರದೇ. ಹಾಗೆಂದು ನಾನು ಹೇಳಿದಾಗ ಅವನಿಗೆ ಅಚ್ಚರಿಯಾಯಿತು. ಮೇಷ್ಟ್ರು ಕಣಕ್ಕೆ ಬಂದದ್ದು ಅವನಿಗೆ ಚೆನ್ನಾಗಿ ನೆನಪಿತ್ತು, ಆದರೆ ಎರಡನ್ನೂ ಅವನು ಎಂದೂ ಜೋಡಿಸಿ ನೋಡಿರಲಿಲ್ಲ.

ಗುರುವನ್ನು ಹೊಗಳುವ ನಮ್ಮ ಅಭ್ಯಾಸದ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಗುರು ಎಂದ ಮಾತ್ರಕ್ಕೆ ಒಳ್ಳೆಯದೇ ಆಗುತ್ತದೆ ಎಂದು ನಾನು ನಂಬುವುದಿಲ್ಲ. ಏಕಲವ್ಯನ ಹೆಬ್ಬೆರಳು ಕೇಳಿದವನೂ ಗುರುವೇ. ಕಪ್ಪು ಹಲಗೆಯ ಮುಂದೆ ನಿಲ್ಲಿಸಿ ಮಗುವಿನ ಜಾತಿ, ಬಣ್ಣ, ಹರಿದ ಚಡ್ಡಿಯನ್ನು ಆಡಿಕೊಂಡವರೂ, ಬೆತ್ತವೇ ವಿದ್ಯೆ ಎಂದುಕೊಂಡವರೂ ನಮ್ಮ ಶಾಲೆಗಳಲ್ಲಿ ಆಗಿಹೋಗಿದ್ದಾರೆ. ಅವರ ಪ್ರಭಾವವೂ ಅಳಿಯುವುದಿಲ್ಲ. ಅಂಥವರ ಕೈಯಲ್ಲಿ ಬೆಳೆದ ಮಗು ಕಚೇರಿಯಲ್ಲಿ ಮೇಜಿನ ಆಚೆ ಕೂತಾಗ ಅದೇ ದನಿಯಲ್ಲಿ ಗದರುವುದನ್ನು ನಾವು ದಿನವೂ ಕಾಣುತ್ತೇವೆ. ಜೆರ್ಮೇನರ ಛಾಯೆಯಿರುವ ಆ ಕಾದಂಬರಿಯ ಶಿಕ್ಷಕರೂ ತಪ್ಪು ಮಾಡಿದ ಹುಡುಗರಿಗೆ ಪೆಟ್ಟು ಕೊಡುವವರೇ, ಅದನ್ನು ಕಮೂ ಮರೆಮಾಚಿಲ್ಲ. ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಹೊಡೆಯದಿದ್ದರೆ ಮಕ್ಕಳು ಕೆಡುತ್ತಾರೆ ಎಂದು ಈಗಲೂ ವಾದಿಸುವ ಪೋಷಕರಿಗೆ ನಾನು ಎಚ್ಚೆನ್ ಅವರನ್ನೇ ತೋರಿಸುತ್ತೇನೆ. ಒಬ್ಬ ಮೇಷ್ಟ್ರ ಪ್ರೀತಿಯಿಂದ ದಾರಿ ಕಂಡ ಈ ಮನುಷ್ಯ ಯಾರಿಗೂ ತಲೆಬಾಗುವ ಶಿಷ್ಯನಾಗಲಿಲ್ಲ. ಕಣ್ಣುಮುಚ್ಚಿ ಏನನ್ನೂ ಒಪ್ಪಬೇಡಿ, ಪ್ರಶ್ನೆ ಕೇಳಿ ಎಂದು ಜೀವನಪೂರ್ತಿ ವಿದ್ಯಾರ್ಥಿಗಳಿಗೆ ಹೇಳಿದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ ವಾರವಾರ ವಿಜ್ಞಾನದ ಉಪನ್ಯಾಸ ನಡೆಸಿದರು. ಕುಲಪತಿಯಾಗಿದ್ದಾಗ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿ ದೊಡ್ಡ ದೊಡ್ಡವರ ಮುನಿಸು ಕಟ್ಟಿಕೊಂಡರು. ತನ್ನನ್ನು ಒಬ್ಬರು ಲೆಕ್ಕಕ್ಕೆ ಹಿಡಿದಿದ್ದಾರೆ ಎಂದು ಗೊತ್ತಿರುವ ಮಗುವಿಗೆ ನೆಟ್ಟಗೆ ನಿಲ್ಲುವ ಧೈರ್ಯ ಬರುತ್ತದೆ.

ಕನ್ನಡ ಸಾಹಿತ್ಯದ ಚರಿತ್ರೆಯನ್ನು ಮೇಷ್ಟ್ರು-ಶಿಷ್ಯರ ಚರಿತ್ರೆಯಾಗಿಯೂ ಬರೆಯಬಹುದು. ಮೈಸೂರು ವಿಶ್ವವಿದ್ಯಾಲಯ 1927ರಲ್ಲಿ ಕನ್ನಡ ಎಂ.ಎ. ತರಗತಿ ಆರಂಭಿಸಿದಾಗ ಕನ್ನಡ ಓದಿದವರಿಗೆ ಕೆಲಸವೆಲ್ಲಿ ಎಂಬ ಕಾಲ. ತತ್ತ್ವಶಾಸ್ತ್ರ ಓದಿದ್ದ ಪುಟ್ಟಪ್ಪ ಎಂಬ ಮಲೆನಾಡಿನ ತರುಣನನ್ನು ಆ ಕಡೆಗೆ ತಿರುಗಿಸಿದವರು ಪ್ರಾಧ್ಯಾಪಕ ಟಿ.ಎಸ್. ವೆಂಕಣ್ಣಯ್ಯ, ಚಳ್ಳಕೆರೆ ತಾಲ್ಲೂಕಿನ ತಳುಕಿನವರು. ಆ ಮೊದಲ ತಂಡದಲ್ಲೇ ಡಿ.ಎಲ್. ನರಸಿಂಹಾಚಾರ್ ಕೂಡ ಇದ್ದರು. ವೆಂಕಣ್ಣಯ್ಯನವರು ಬರೆದದ್ದು ಕಡಿಮೆ. ಅವರ ಹೊತ್ತು ಶಿಷ್ಯರಿಗೆ ಹೋಯಿತು, ಬಂದವರ ಬರಹ ಕೇಳುವುದಕ್ಕೆ, ತಿದ್ದುವುದಕ್ಕೆ, ಕಷ್ಟದಲ್ಲಿದ್ದವರಿಗೆ ಆಸರೆಯಾಗುವುದಕ್ಕೆ. 1939ರಲ್ಲಿ ತೀರಿಕೊಂಡರು. ಆ ಪುಟ್ಟಪ್ಪ, ಅಂದರೆ ಕುವೆಂಪು, ತಮ್ಮ ‘ಶ್ರೀ ರಾಮಾಯಣ ದರ್ಶನಂ’ ಕಾವ್ಯವನ್ನು 1949ರಲ್ಲಿ ಹೊರತಂದಾಗ ಅದನ್ನು ಅರ್ಪಿಸಿದ್ದು ಇವರಿಗೆ. ಗುರು ಹೋಗಿ ಹತ್ತು ವರ್ಷವಾಗಿದ್ದರೂ ಆ ಅರ್ಪಣೆಯ ಪದ್ಯದಲ್ಲಿ ಶಿಷ್ಯ ಎದುರಿಗೇ ನಿಂತು ಮಾತಾಡುತ್ತಾನೆ. ಕೆಲಸ ಒಪ್ಪಿಸಲು ಬಂದ ವಿದ್ಯಾರ್ಥಿಯ ವಿನಯ ಅದರಲ್ಲಿದೆ, ಆ ಹೊತ್ತಿಗೆ ಕುವೆಂಪು ಕನ್ನಡದ ಅತಿ ದೊಡ್ಡ ಕವಿಯಾಗಿದ್ದರೂ. ಅದೇ ಮಹಾರಾಜಾ ಕಾಲೇಜಿನಲ್ಲಿ ಕುವೆಂಪು ಅವರ ವಿದ್ಯಾರ್ಥಿಯಾಗಿದ್ದವರು ಜಿ.ಎಸ್. ಶಿವರುದ್ರಪ್ಪ. ಅವರ ಕೈಯಲ್ಲಿ ಓದಿದ ಎಷ್ಟೋ ಮಂದಿ ಇಂದಿಗೂ ಕಾವ್ಯಕ್ಕಿಂತ ಮೊದಲು ನೆನೆಯುವುದು ಮೇಷ್ಟ್ರ ಸಮಚಿತ್ತವನ್ನು.

ಬೆಂಗಳೂರಿನಲ್ಲಿ ಇನ್ನೊಂದು ಕವಲು. ಜಿ.ಪಿ. ರಾಜರತ್ನಂ ಅವರನ್ನು ಮಕ್ಕಳ ಪದ್ಯಗಳಿಂದ, ರತ್ನನ ಪದಗಳಿಂದ ಎಲ್ಲರೂ ಬಲ್ಲರು. ಅಧ್ಯಾಪಕರಾಗಿ ಅವರು ವಿದ್ಯಾರ್ಥಿಗಳಿಂದಲೇ ಲೇಖನ ಬರೆಸಿ ಪುಸ್ತಕ ಮಾಡಿಸುತ್ತಿದ್ದರು, ಆ ಪುಸ್ತಕಗಳನ್ನು ಚೀಲದಲ್ಲಿ ಹೊತ್ತು ತಾವೇ ಮಾರುತ್ತಿದ್ದರು. ಅವರ ದಾರಿ ಹಿಡಿದವರು ಕ್ರೈಸ್ಟ್ ಕಾಲೇಜಿನ ಕನ್ನಡ ಅಧ್ಯಾಪಕ ಚಿ. ಶ್ರೀನಿವಾಸರಾಜು. ಇಂಗ್ಲಿಷೇ ತುಂಬಿದ ಆವರಣದಲ್ಲಿ ಕನ್ನಡ ಸಂಘ ಕಟ್ಟಿ, ಹೆಸರೇ ಇಲ್ಲದ ಹೊಸಬರ ಪುಸ್ತಕಗಳನ್ನು ಕಡಿಮೆ ಬೆಲೆಗೆ ಅಚ್ಚು ಹಾಕಿಸಿದರು, ನಾಡಿನ ಕಾಲೇಜು ಹುಡುಗ ಹುಡುಗಿಯರಿಗೆ ಬೇಂದ್ರೆ ಹೆಸರಿನಲ್ಲಿ ಕವನ ಸ್ಪರ್ಧೆ ನಡೆಸಿದರು. ಯಾವುದೋ ತಾಲ್ಲೂಕಿನ ಕಾಲೇಜಿನಲ್ಲಿ ಕೂತು ಬರೆದ ಹುಡುಗಿಗೆ ತನ್ನ ಪದ್ಯ ಅಚ್ಚಾದ ಪುಸ್ತಕ ಅಂಚೆಯಲ್ಲಿ ಬಂದರೆ ಏನಾಗುತ್ತದೆ ಎಂಬುದು ಅದನ್ನು ಕಂಡವರಿಗೇ ಗೊತ್ತು. ಇವತ್ತು ಕನ್ನಡದಲ್ಲಿ ಹೆಸರು ಮಾಡಿದ ಹಲವರ ಮೊದಲ ಪದ್ಯ ಹೀಗೆ ಹೊರಬಂತು. ಸ್ವಂತ ಬರವಣಿಗೆ ಬದಿಗಿಟ್ಟು ಬೇರೆಯವರ ಹಸ್ತಪ್ರತಿ ತಿದ್ದುತ್ತ ಕೂರುವ ಸ್ವಭಾವ ಅವರಿಗೆ ತಮ್ಮ ಮೇಷ್ಟ್ರು ರಾಜರತ್ನಂ ಅವರಿಂದ ಬಂದದ್ದು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಇಲ್ಲಿ ಹೇಳಿದ ಎಲ್ಲರ ಕೈಯಲ್ಲೂ ಒಂದು ಸಮಾನ ಸಂಗತಿಯಿತ್ತು, ಕಾಲ. ನಾರಾಯಣರಾಯರು ಆ ಹುಡುಗನನ್ನು ಬಲ್ಲಷ್ಟು ಕಾಲ ಹೊಸೂರಿನಲ್ಲಿದ್ದರು. ಜೆರ್ಮೇನರಿಗೆ ಶಾಲೆ ಬಿಟ್ಟ ಮೇಲೂ ಮಕ್ಕಳ ಜೊತೆ ಕೂರುವ ಬಿಡುವಿತ್ತು. ಇವತ್ತಿನ ಸರ್ಕಾರಿ ಶಾಲೆಯ ಶಿಕ್ಷಕಿಗೆ ಆ ಕಾಲ ಎಲ್ಲಿದೆ? ಬೆಳಗ್ಗೆ ಮಕ್ಕಳಿಗೆ ಹಾಲು ಕೊಟ್ಟ ಲೆಕ್ಕ, ಬಿಸಿಯೂಟದ ಅಕ್ಕಿ ಬೇಳೆಯ ಲೆಕ್ಕ, ಮೊಟ್ಟೆಯ ಲೆಕ್ಕ, ಮೊಬೈಲಿನಲ್ಲಿ ತುಂಬಬೇಕಾದ ಮಾಹಿತಿ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರದ ಕೆಲಸಕ್ಕೆ ಶಿಕ್ಷಕರನ್ನು ಕರೆಯಲು ಶಿಕ್ಷಣ ಹಕ್ಕು ಕಾಯ್ದೆಯೇ ಅವಕಾಶ ಕೊಟ್ಟಿದೆ. ಹಾಲೂ ಊಟವೂ ಮಕ್ಕಳಿಗೆ ಬೇಕೇ ಬೇಕು, ಅದರ ಬಗ್ಗೆ ತಕರಾರಿಲ್ಲ. ಆ ಲೆಕ್ಕಗಳನ್ನು ಬರೆಯಲು ಶಾಲೆಗೊಬ್ಬ ಗುಮಾಸ್ತ ಬೇಕು ಎಂದು ಮಾತ್ರ ಕೇಳುತ್ತಿದ್ದೇನೆ. ಒಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಅವರು ಮೀಟಿಂಗಿಗೆ ಹೋದ ದಿನ ಮಕ್ಕಳ ಮುಖ ನೋಡುವವರೇ ಇರುವುದಿಲ್ಲ.

ಶಿಕ್ಷಕರಿಗೆ ಮಕ್ಕಳ ಜೊತೆ ಕಾಲ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಒಂದು ಒಳ್ಳೆಯ ಪಾಠವಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ಹೋಗಿ ನೋಡಿ ಬಂದು, ತಾವೇ ಕಾರ್ಡುಗಳನ್ನು ಬರೆದು, ಹಾಡು ಕಟ್ಟಿ ನಲಿಕಲಿ ಎಂಬ ಕಲಿಕೆಯ ವಿಧಾನ ಶುರು ಮಾಡಿದರು. ಕಾಡಂಚಿನ ಹಾಡಿಗಳ ಮಕ್ಕಳು ನೆಲದ ಮೇಲೆ ಗುಂಪಾಗಿ ಕೂತು ತಮ್ಮ ತಮ್ಮ ವೇಗದಲ್ಲಿ ಕಲಿಯುವ ಆ ತರಗತಿಯಲ್ಲಿ ಶಿಕ್ಷಕರೂ ನೆಲದ ಮೇಲೇ ಕೂರಬೇಕು. ಮುಂದೆ ಅದು ರಾಜ್ಯಕ್ಕೆಲ್ಲ ಹಬ್ಬಿತು. ಒಂದರಿಂದ ಮೂರನೇ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸುವುದರಿಂದ ಒಂದೇ ಶಿಕ್ಷಕಿಯ ಕೈಯಲ್ಲಿ ಒಂದು ಮಗು ಮೂರು ವರ್ಷ ಬೆಳೆಯುವ ಅವಕಾಶ ಅದರಲ್ಲಿದೆ. ಮೂರು ವರ್ಷದಲ್ಲಿ ಶಿಕ್ಷಕಿಗೆ ಆ ಮಗುವಿನ ಮನೆ, ಹಸಿವು, ಸುಮ್ಮನಿರುವುದರ ಕಾರಣ ಎಲ್ಲ ಗೊತ್ತಾಗುತ್ತದೆ. ಆದರೆ ಅಂಥ ಶಿಕ್ಷಕಿ ಅತಿಥಿ ಶಿಕ್ಷಕಿಯಾಗಿದ್ದರೆ ಶೈಕ್ಷಣಿಕ ವರ್ಷ ಮುಗಿಯುತ್ತಲೇ ಅವರ ಕೆಲಸವೂ ಮುಗಿಯುತ್ತದೆ. ಮುಂದಿನ ವರ್ಷ ಅದೇ ಶಾಲೆಗೆ ಅವರೇ ಬರುತ್ತಾರೆ ಎಂಬ ಖಾತರಿಯಿಲ್ಲ. ಮಕ್ಕಳು ಮತ್ತೆ ಹೊಸ ಮುಖಕ್ಕೆ ಹೆಸರು ಹೇಳುವುದರಿಂದ ಶುರು ಮಾಡಬೇಕು.

ಖಾಲಿ ಹುದ್ದೆ ತುಂಬಬೇಕು. ತುಂಬುವವರೆಗೆ ಅತಿಥಿ ಶಿಕ್ಷಕರನ್ನು ಅದದೇ ಶಾಲೆಯಲ್ಲಿ ಮುಂದುವರಿಸಬೇಕು, ರಜೆಯ ತಿಂಗಳ ಗೌರವಧನವನ್ನೂ ಕೊಡಬೇಕು. ಇದಕ್ಕೆ ಹೊಸ ಆಯೋಗ ಬೇಕಿಲ್ಲ. ಬೇಸಿಗೆ ರಜೆ ಮುಗಿದು ಶಾಲೆ ತೆರೆದಾಗ ನಿಮ್ಮೂರಿನ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಗೆ ಹೋಗಿ, ಕಟ್ಟಡದ ಬಣ್ಣ, ಕಾಂಪೌಂಡಿನ ಮಾತು ಮುಗಿಯುವ ಮೊದಲೇ ಈ ಎರಡು ಪ್ರಶ್ನೆ ಕೇಳಿ: ಇಲ್ಲಿ ಕಾಯಂ ಶಿಕ್ಷಕರು ಎಷ್ಟು ಜನ? ಹೋದ ವರ್ಷ ಈ ಮಕ್ಕಳಿಗೆ ಕಲಿಸಿದವರು ಈ ವರ್ಷವೂ ಇದ್ದಾರೆಯೇ?